ಮಾರ್ಚೀಬಾದ ಹೊಸ ಆಲ್ಬಮ್: ಇಬ್ಬರೇ ಉಳಿದಾಗ ಬೀಟ್ ಯಾರ ಕೈಗೆ?

ಇಂಗ್ಲೆಂಡಿನ ಮಾರ್ಚೀಬಾ ತಂಡ 2025ರ ಮೇ 16ರಂದು ‘ಎಸ್ಕೇಪ್ ದ ಕೇಯಾಸ್’ ಬಿಡುಗಡೆ ಮಾಡಿತು. ಈ ಹೆಸರಿನಲ್ಲಿ ಬಂದ 11ನೇ ಸ್ಟುಡಿಯೊ ಆಲ್ಬಮ್ ಇದು. 1996ರಲ್ಲಿ ಮೊದಲನೆಯದು ಬಂದಾಗ ತಂಡದಲ್ಲಿ ಮೂವರಿದ್ದರು. ಈಗ ಇಬ್ಬರು: ಹಾಡುವ ಸ್ಕೈ ಎಡ್ವರ್ಡ್ಸ್, ಗಿಟಾರ್ ಮತ್ತು ಕೀಬೋರ್ಡ್ ನುಡಿಸುವ ರಾಸ್ ಗಾಡ್‌ಫ್ರಿ. ಇವರದು ಟ್ರಿಪ್-ಹಾಪ್, ಅಂದರೆ ನಿಧಾನಗೊಳಿಸಿದ ಹಿಪ್-ಹಾಪ್ ಬೀಟಿನ ಮೇಲೆ ಹಾಡುವ ಪ್ರಕಾರ. ತೊಂಬತ್ತರ ದಶಕದ ಟ್ರಿಪ್-ಹಾಪ್ ತಂಡ ಯಾವುದೇ ಇರಲಿ, ಹೊಸ ಆಲ್ಬಮ್ ಬಂದ ಕೂಡಲೇ ಹಳೆಯ ಕೇಳುಗರದ್ದು ಒಂದೇ ಗೊಣಗಾಟ. ದನಿ ಅದೇ, ಹಾಡೂ ಚೆನ್ನಾಗಿದೆ, ಆದರೆ ಆ ಹಳೆಯ ಭಾರ ಕಾಣುವುದಿಲ್ಲ, ಕಾಫಿ ಶಾಪಿನಲ್ಲಿ ಹಾಕಲು ಹೇಳಿ ಮಾಡಿಸಿದ ಹಾಗಿದೆ ಎನ್ನುತ್ತಾರೆ. ವಯಸ್ಸಾಯಿತು, ಹುರುಪು ಇಳಿಯಿತು ಎಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಆ ಭಾರ ಹುಟ್ಟುತ್ತಿದ್ದುದು ಹಾಡಿನಲ್ಲಲ್ಲ, ಡ್ರಮ್ಮಿನಲ್ಲಿ. ಆ ಡ್ರಮ್ ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಬರುತ್ತದೆ ಎಂದು ಹಿಡಿದು ಹೊರಟರೆ ಇಂಥ ಜೋಡಿಗಳ ಹೊಸ ಕೆಲಸ ಹೀಗೇಕೆ ಕೇಳಿಸುತ್ತದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ಯಾರು ಏನು ಮಾಡುತ್ತಿದ್ದರು ಎಂಬುದನ್ನು ನೋಡೋಣ. ಪಾಲ್ ಮತ್ತು ರಾಸ್ ಗಾಡ್‌ಫ್ರಿ ಇಂಗ್ಲೆಂಡಿನ ಕೆಂಟ್ ಸೀಮೆಯ ಹೈಥ್ ಊರಿನ ಅಣ್ಣ ತಮ್ಮಂದಿರು. ಅಣ್ಣ ಪಾಲ್ ಕೈಯಲ್ಲಿ ಬೀಟ್, ಸ್ಕ್ರ್ಯಾಚಿಂಗ್ (ತಿರುಗುವ ತಟ್ಟೆಯನ್ನು ಕೈಯಿಂದ ಹಿಂದೆಮುಂದೆ ಎಳೆದು ಸದ್ದು ಹುಟ್ಟಿಸುವುದು) ಮತ್ತು ಸಾಹಿತ್ಯದ ದೊಡ್ಡ ಪಾಲು. ತಮ್ಮ ರಾಸ್ ಕೈಯಲ್ಲಿ ತಂತಿ ಮತ್ತು ಕೀಲಿಮಣೆ. ಮೇಲೆ ಸ್ಕೈಯವರ ಕಂಠ. 1998ರ ‘ಬಿಗ್ ಕಾಮ್’ ಈ ಮೂರರ ಹದ ಕೂಡಿಬಂದ ಆಲ್ಬಮ್. ನಡುವೆ ಕೆಲವು ವರ್ಷ ಸ್ಕೈ ಹೊರಗಿದ್ದರು, 2010ರ ‘ಬ್ಲಡ್ ಲೈಕ್ ಲೆಮನೇಡ್’ಗೆ ಮರಳಿದರು. 2014ರಲ್ಲಿ ಪಾಲ್ ತಂಡ ಬಿಟ್ಟರು. ಉಳಿದಿಬ್ಬರು 2016ರಲ್ಲಿ ಹಳೆಯ ಹೆಸರನ್ನು ಬದಿಗಿಟ್ಟು ತಮ್ಮಿಬ್ಬರ ಹೆಸರಿನಲ್ಲೇ ಒಂದು ಆಲ್ಬಮ್ ತಂದರು. 2018ರ ‘ಬ್ಲೇಜ್ ಅವೇ’ ಹೊತ್ತಿಗೆ ಮಾರ್ಚೀಬಾ ಹೆಸರು ಮತ್ತೆ ಬಂತು, 2021ರಲ್ಲಿ ‘ಬ್ಲ್ಯಾಕೆಸ್ಟ್ ಬ್ಲೂ’ ಬಂತು. ಹೀಗಾಗಿ ತಂಡ ಕಳೆದುಕೊಂಡದ್ದು ಮೂವರಲ್ಲಿ ಯಾರೋ ಒಬ್ಬರನ್ನಲ್ಲ, ಬೀಟ್ ಹಿಡಿದಿದ್ದವರನ್ನೇ. ಗಿಟಾರ್ ನುಡಿಸುವವರು ಹೋಗಿದ್ದರೆ ಬಾಡಿಗೆಗೆ ಇನ್ನೊಬ್ಬರು ಸಿಗುತ್ತಿದ್ದರು. ಈ ಪ್ರಕಾರದಲ್ಲಿ ಬೀಟ್ ಎಂಬುದು ಹಾಡಿನ ಹಿಂದೆ ನಿಲ್ಲುವ ಪಕ್ಕವಾದ್ಯವಲ್ಲ. ಹಾಡು ಹುಟ್ಟುವುದೇ ಅದರ ಮೇಲೆ.

ಆ ಬೀಟ್ ಹೇಗೆ ತಯಾರಾಗುತ್ತಿತ್ತು? ಅರವತ್ತು ಎಪ್ಪತ್ತರ ದಶಕದ ಸೋಲ್, ಫಂಕ್ ಅಥವಾ ಸಿನಿಮಾ ಸಂಗೀತದ ಎಲ್‌ಪಿಯೊಂದರಲ್ಲಿ ಡ್ರಮ್ ಮಾತ್ರ ಉಳಿಯುವ, ನಾಲ್ಕು ನಾಲ್ಕು ಬೀಟಿನ ಎರಡು ಆವರ್ತ ಹುಡುಕುತ್ತಿದ್ದರು. ಅದಕ್ಕೆ ‘ಬ್ರೇಕ್’ ಎನ್ನುತ್ತಾರೆ. ಅದನ್ನು ಸ್ಯಾಂಪ್ಲರ್‌ಗೆ (ಸದ್ದಿನ ತುಣುಕು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರಕ್ಕೆ) ತುಂಬಿ, ವೇಗ ಇಳಿಸಿ, ಮತ್ತೆ ಮತ್ತೆ ತಿರುಗುವಂತೆ ಕಟ್ಟುತ್ತಿದ್ದರು. ಟ್ರಿಪ್-ಹಾಪ್ ಹಾಡುಗಳ ನಡೆ ಸಾಮಾನ್ಯವಾಗಿ ನಿಮಿಷಕ್ಕೆ 70ರಿಂದ 95 ಬೀಟ್. ಮೂಲ ಫಂಕ್ ಬ್ರೇಕುಗಳು ಹೆಚ್ಚಾಗಿ 95ರಿಂದ 115ರೊಳಗೆ ಇರುತ್ತವೆ. ನಡುವಿನ ಈ ಅಂತರವನ್ನು ಇಳಿಸುವಾಗ ಆಗುವುದೇ ಎಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 110ರ ಬ್ರೇಕನ್ನು 85ಕ್ಕೆ ಇಳಿಸಬೇಕು. ಹಳೆಯ ಸ್ಯಾಂಪ್ಲರ್‌ಗಳಲ್ಲಿ ವೇಗ ಇಳಿದರೆ ಶ್ರುತಿಯೂ ಇಳಿಯುತ್ತದೆ, ಗ್ರಾಮಫೋನ್ ನಿಧಾನವಾದಂತೆಯೇ. 85ನ್ನು 110ರಿಂದ ಭಾಗಿಸಿದರೆ ಸುಮಾರು 0.77. ಎಲ್ಲ ಆವರ್ತನಗಳೂ ಅಷ್ಟಕ್ಕೆ ಕುಗ್ಗುತ್ತವೆ. 60 ಹರ್ಟ್ಜ್‌ನಲ್ಲಿ ಗುದ್ದುತ್ತಿದ್ದ ಕಿಕ್ ಡ್ರಮ್ 46ಕ್ಕೆ ಹೋಗುತ್ತದೆ, 200ರ ಸ್ನೇರ್ 155ರ ಆಸುಪಾಸಿಗೆ. 10,000 ಹರ್ಟ್ಜ್‌ನಲ್ಲಿ ಚಿಮ್ಮುತ್ತಿದ್ದ ಹೈ-ಹ್ಯಾಟ್ 7,700ಕ್ಕೆ ಇಳಿದು ಮಂಕಾಗುತ್ತದೆ. ಇನ್ನೊಂದು ಪರಿಣಾಮ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಡ್ರಮ್ ಜೊತೆಗೆ ಆ ಕೋಣೆಯ ಅನುರಣನವೂ ಹಿಗ್ಗುತ್ತದೆ. ಅರ್ಧ ಸೆಕೆಂಡಿನಲ್ಲಿ ಆರುತ್ತಿದ್ದ ಗುಂಯ್‌ಗುಡುವಿಕೆ ಈಗ 0.65 ಸೆಕೆಂಡ್ ಉಳಿಯುತ್ತದೆ. ಸಣ್ಣ ಸ್ಟುಡಿಯೊ ಕೋಣೆ ಕಿವಿಗೆ ದೊಡ್ಡದಾಗಿ, ತೇವವಾಗಿ, ಕತ್ತಲಾಗಿ ಕೇಳಿಸುತ್ತದೆ. ಟ್ರಿಪ್-ಹಾಪ್‌ನ ‘ಮೂಡ್’ ಎಂದು ಬರೆಯುತ್ತಾರಲ್ಲ, ಅದರ ಬಹುಪಾಲು ಈ ಭಾಗಾಕಾರದಲ್ಲಿದೆ.

ಯಂತ್ರದ ಬಡತನವೂ ಕೈ ಜೋಡಿಸಿತು. ಎಮು ಕಂಪನಿಯ ಎಸ್‌ಪಿ-1200 ಬಂದದ್ದು 1987ರಲ್ಲಿ. ಸದ್ದನ್ನು ಅಳೆದಿಡುವ ಸೂಕ್ಷ್ಮತೆ 12 ಬಿಟ್, ಸೆಕೆಂಡಿಗೆ 26 ಸಾವಿರ ಚಿಲ್ಲರೆ ಅಳತೆ (26 ಕಿಲೊಹರ್ಟ್ಜ್), ಒಟ್ಟು 10 ಸೆಕೆಂಡ್ ಜಾಗ. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತು ತಿರುಗುವ ಎಲ್‌ಪಿಯನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡು, ಒಳಗೆ ಮತ್ತೆ ಕೆಳಗಿಳಿಸುವುದು ವಾಡಿಕೆ. ಆ ಯಂತ್ರ ಹಿಡಿಯಬಲ್ಲ ಮೇಲಿನ ಗಡಿ ಸುಮಾರು 13 ಕಿಲೊಹರ್ಟ್ಜ್. 1.35 ಪಟ್ಟು ಇಳಿಸಿದಾಗ ಅದು 9.6ಕ್ಕೆ ಬಂದು ನಿಲ್ಲುತ್ತದೆ. ಅದರ ಮೇಲಿರುವುದು ಯಂತ್ರದ ಗರಗರ ಮಾತ್ರ. 1988ರ ಅಕಾಯ್ ಎಸ್-1000 ಇದಕ್ಕಿಂತ ಶುದ್ಧ: 16 ಬಿಟ್, 44.1 ಕಿಲೊಹರ್ಟ್ಜ್. ಆದರೆ ಕೊಂಡಾಗ ಬರುತ್ತಿದ್ದ ಮೆಮೊರಿ 2 ಮೆಗಾಬೈಟ್, ಅಂದರೆ ಮೋನೊದಲ್ಲಿ 24 ಸೆಕೆಂಡಿಗೂ ಕೊಂಚ ಕಡಿಮೆ. 110ರ ವೇಗದ ಎರಡು ಆವರ್ತಕ್ಕೆ 4.4 ಸೆಕೆಂಡ್ ಬೇಕು. ಇಂಥ ಐದು ತುಣುಕು ತುಂಬಿದರೆ ಪೆಟ್ಟಿಗೆ ಭರ್ತಿ. ಒಂದು ಹಾಡಿನಲ್ಲಿ ಒಂದೇ ಬ್ರೇಕು ನಾಲ್ಕೂವರೆ ನಿಮಿಷ ತಿರುಗಿದ್ದು ಸೌಂದರ್ಯಪ್ರಜ್ಞೆಯಿಂದ ಎಷ್ಟೋ, ಅನಿವಾರ್ಯದಿಂದಲೂ ಅಷ್ಟೇ.

ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. 110ರಿಂದ 85ಕ್ಕೆ ಇಳಿಸಿದಾಗ ಶ್ರುತಿ ನಾಲ್ಕೂವರೆ ಅರ್ಧಸ್ವರದಷ್ಟು ಬೀಳುತ್ತದೆ. ಬರೀ ಡ್ರಮ್ ಆಗಿದ್ದರೆ ತೊಂದರೆಯಿಲ್ಲ. ತುಣುಕಿನಲ್ಲಿ ಬೇಸ್ ಗಿಟಾರೋ ಪಿಯಾನೊದ ಒಂದು ಎಳೆಯೋ ಸೇರಿಕೊಂಡಿದ್ದರೆ ಅದು ಎರಡು ಸ್ವರಗಳ ಮನೆಗಳ ನಡುವೆ ಬಂದು ಕೂರುತ್ತದೆ. ಆಮೇಲೆ ನುಡಿಸುವ ಗಿಟಾರು, ಹಾಡುವ ದನಿ, ಎಲ್ಲವೂ ಅಪಶ್ರುತಿ. ಪರಿಹಾರ ಸರಳ. ವೇಗವನ್ನು ಮೊದಲು ಹಿಡಿಯಬೇಡಿ, ಅರ್ಧಸ್ವರವನ್ನು ಹಿಡಿಯಿರಿ. 110ರ ತುಣುಕನ್ನು ಸರಿಯಾಗಿ ನಾಲ್ಕು ಅರ್ಧಸ್ವರ ಇಳಿಸಿದರೆ ವೇಗ 87.3 ಬರುತ್ತದೆ, ಐದು ಇಳಿಸಿದರೆ 82.4. ಎರಡರಲ್ಲಿ ಹಾಡುವವರ ಕಂಠಕ್ಕೆ ಹೊಂದುವುದನ್ನು ಆರಿಸಿ, ಪ್ರಾಜೆಕ್ಟಿನ ವೇಗವನ್ನು ಅದಕ್ಕೆ ಕೂರಿಸಿ. ಹಳೆಯ ಟ್ರಿಪ್-ಹಾಪ್ ಹಾಡುಗಳ ವೇಗ ಅಳೆದರೆ ದಶಮಾಂಶದಲ್ಲಿ ಬರುವುದಕ್ಕೆ ಇದೂ ಒಂದು ಕಾರಣ.

ಇಂದಿನ ಸಾಫ್ಟ್‌ವೇರಿನಲ್ಲಿ ಶ್ರುತಿ ಅಲುಗಾಡದಂತೆ ವೇಗ ಮಾತ್ರ ಇಳಿಸಬಹುದು. ಅನುಕೂಲವೇನೋ ಹೌದು, ಆದರೆ ಭಾರ ಹೋಗುವುದೂ ಇಲ್ಲೇ. ಕಿಕ್ 60 ಹರ್ಟ್ಜ್‌ನಲ್ಲೇ ಉಳಿಯುತ್ತದೆ, ಹೈ-ಹ್ಯಾಟ್ ಮಿಂಚುತ್ತಲೇ ಇರುತ್ತದೆ. ಪೆಟ್ಟಿನ ಮೊನೆಯನ್ನು ಸಾಫ್ಟ್‌ವೇರ್ ಚೂರು ಮಾಡಿ ಹಿಗ್ಗಿಸುವುದರಿಂದ ಸ್ನೇರ್ ‘ಟಪ್’ ಎನ್ನುವ ಬದಲು ‘ಟ್ರಪ್’ ಎನ್ನುತ್ತದೆ. ಶೇಕಡಾ 10ಕ್ಕಿಂತ ಹೆಚ್ಚು ಇಳಿಸುವಾಗ ಇದು ಕಿವಿಗೆ ಹೊಡೆಯುತ್ತದೆ. ಆದ್ದರಿಂದ ಡ್ರಮ್ ಟ್ರ್ಯಾಕಿಗೆ ಶ್ರುತಿಯೊಡನೆ ಇಳಿಯುವ ವಿಧಾನವನ್ನೇ ಆರಿಸಿಕೊಳ್ಳಬೇಕು. ಮಿಕ್ಕ ವಾದ್ಯಗಳಿಗೆ ಬೇಕಾದರೆ ಇನ್ನೊಂದು.

ಹಾಗಾದರೆ ಹಳೆಯ ದಾರಿಯಲ್ಲೇ ಹೋಗಬಹುದಲ್ಲ? ಬೀಗ ಬಿದ್ದಿರುವುದು ಹಕ್ಕಿನ ಬಾಗಿಲಿಗೆ. ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡ 1991ರಲ್ಲಿ ‘ಬ್ಲೂ ಲೈನ್ಸ್’ ತಂದಾಗ ಸ್ಯಾಂಪ್ಲಿಂಗ್ ವ್ಯವಹಾರ ಇನ್ನೂ ಅರೆಬರೆ. ಅದರ ‘ಅನ್‌ಫಿನಿಶ್ಡ್ ಸಿಂಪಥಿ’ಯಲ್ಲಿ ಕೇಳುವ ‘ಹೇ ಹೇ’ ಕೂಗು ಮಹಾವಿಷ್ಣು ಆರ್ಕೆಸ್ಟ್ರಾದ 1976ರ ಹಾಡಿನದು. 1998ರ ‘ಮೆಜನೈನ್’ ಹೊತ್ತಿಗೆ ಗಾಳಿ ಬದಲಾಗಿತ್ತು. ಅದರ ‘ಬ್ಲ್ಯಾಕ್ ಮಿಲ್ಕ್’ನಲ್ಲಿದ್ದ ತುಣುಕಿಗಾಗಿ ಮ್ಯಾನ್‌ಫ್ರೆಡ್ ಮಾನ್ ದಾವೆ ಹೂಡಿದರು, ವಿಷಯ ರಾಜಿಯಲ್ಲಿ ಮುಗಿಯಿತು. ಒಂದೇ ಬಾವಿಯಿಂದ ನೀರು ಸೇದಿದ ಉದಾಹರಣೆಯೂ ಇದೆ. ಪೋರ್ಟಿಸ್‌ಹೆಡ್‌ನ ‘ಗ್ಲೋರಿ ಬಾಕ್ಸ್’ ಮತ್ತು ಟ್ರಿಕಿಯ ‘ಹೆಲ್ ಈಸ್ ರೌಂಡ್ ದ ಕಾರ್ನರ್’ ಎರಡೂ ಐಸಾಕ್ ಹೇಯ್ಸ್ ಅವರ ಒಂದೇ ಹಾಡಿನ ತುಣುಕಿನ ಮೇಲೆ ನಿಂತಿವೆ.

ಈಗ ಯಾರ ತುಣುಕು ಬಳಸಿದರೂ ಎರಡು ಬಾಗಿಲು ತಟ್ಟಬೇಕು. ಧ್ವನಿಮುದ್ರಣದ ಹಕ್ಕು ಒಬ್ಬರದು, ಹೆಚ್ಚಾಗಿ ರೆಕಾರ್ಡ್ ಕಂಪನಿಯದು. ಸ್ವರ ಮತ್ತು ಸಾಹಿತ್ಯದ ಹಕ್ಕು ಬೇರೊಬ್ಬರದು, ಹೆಚ್ಚಾಗಿ ಪ್ರಕಾಶಕರದು. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಹಾಡು ಹೊರಗೆ ಬರುವ ಹಾಗಿಲ್ಲ. ಮುಂಗಡ ಹಣದ ಮೇಲೆ ಗಳಿಕೆಯಲ್ಲಿ ಪಾಲು ಕೇಳುತ್ತಾರೆ. ತುಣುಕೇ ಹಾಡಿನ ಬೆನ್ನೆಲುಬಾಗಿದ್ದರೆ ರಚನೆಯ ಹಕ್ಕಿನ ಅರ್ಧಕ್ಕಿಂತ ಹೆಚ್ಚು ಕೇಳಿದರೂ ಅಚ್ಚರಿಯಿಲ್ಲ. ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ದೊಡ್ಡ ಕಂಪನಿಯ ಹಣದ ಬಲವಿಲ್ಲದ ಜೋಡಿಗೆ ಹನ್ನೆರಡು ಹಾಡಿನ ಆಲ್ಬಮ್ಮಿನಲ್ಲಿ ಹತ್ತು ಬ್ರೇಕಿನ ಹಕ್ಕಿನ ಹಣ ತೀರಿಸುವುದು ಆಗದ ಮಾತು. ಬಿಡುಗಡೆಯಾದ ಮೇಲೆ ತಗಾದೆ ಎದ್ದರಂತೂ ಅಚ್ಚಾದ ವಿನೈಲ್ ತಟ್ಟೆಗಳ ದಾಸ್ತಾನೆಲ್ಲ ಗೋದಾಮಿನಲ್ಲೇ ಕೊಳೆಯುತ್ತದೆ.

ಪೋರ್ಟಿಸ್‌ಹೆಡ್ ಇದಕ್ಕೆ ಕಂಡುಕೊಂಡ ದಾರಿ ಈಗಲೂ ಪಾಠದಂತಿದೆ. ತಾವೇ ನುಡಿಸಿ ಮುದ್ರಿಸಿ, ಅದನ್ನು ತಟ್ಟೆಗೆ ಕೊರೆಸಿ, ತಟ್ಟೆಯನ್ನು ಬೇಕೆಂದೇ ಸವೆಸಿ, ಅದರಿಂದ ಸ್ಯಾಂಪಲ್ ತೆಗೆಯುವುದು. 1997ರ ಎರಡನೇ ಆಲ್ಬಮ್‌ನಲ್ಲಿ ಈ ಪದ್ಧತಿಯನ್ನು ಅವರು ಹೆಚ್ಚು ನೆಚ್ಚಿಕೊಂಡರು. ಹಕ್ಕು ತಮ್ಮದೇ, ಸದ್ದು ಮಾತ್ರ ಇನ್ನಾರದೋ ಹಳೆಯ ರೆಕಾರ್ಡಿನದು ಅನ್ನಿಸುವಂಥದ್ದು.

ಇದನ್ನು ಇವತ್ತು ಅಗ್ಗದಲ್ಲಿ ಮಾಡುವ ಕ್ರಮ ಹೀಗೆ. ಡ್ರಮ್ ನುಡಿಸುವವರನ್ನು ಹಾಡಿನ ವೇಗಕ್ಕಲ್ಲ, 105ರಿಂದ 110ಕ್ಕೆ ನುಡಿಸಲು ಹೇಳಿ. ಸ್ನೇರ್ ಮೇಲೆ ತೆಳ್ಳನೆಯ ಟವೆಲ್ ಹಾಸಿ. ಮೈಕ್ ಎರಡು ಸಾಕು: ಕಿಕ್ ಮುಂದೆ ಒಂದು, ಡ್ರಮ್ಮರಿನ ಬಲಭುಜದ ಹಿಂದೆ ಒಂದು. ಹನ್ನೆರಡು ಮೈಕ್ ಇಟ್ಟರೆ ಆಮೇಲೆ ಹನ್ನೆರಡನ್ನೂ ಶುದ್ಧ ಮಾಡುವ ಚಪಲ ಹುಟ್ಟುತ್ತದೆ. ಹತ್ತು ನಿಮಿಷ ನಿಲ್ಲಿಸದೆ ನುಡಿಸಲಿ. ಮೊದಲ ಮೂರು ನಿಮಿಷದ್ದು ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು, ಕೈ ಸಡಿಲವಾದ ಮೇಲೆ ಬರುವ ಎರಡು ಆವರ್ತ ಬೇಕಾದ್ದು. ಅದನ್ನು ಕತ್ತರಿಸುವಾಗ ಮೊದಲ ಪೆಟ್ಟಿಗೆ ಸರಿಯಾಗಿ, ಅಲೆ ಶೂನ್ಯ ದಾಟುವ ಜಾಗದಲ್ಲಿ ಕತ್ತರಿಸಿ. ತಪ್ಪಿದರೆ ಪ್ರತಿ ಸುತ್ತಿಗೂ ಒಂದು ‘ಟಿಕ್’ ಕೇಳುತ್ತದೆ. ಮೋನೊ ಮಾಡಿ, 12 ಬಿಟ್ಟಿಗೆ ಇಳಿಸಿ, ಆಮೇಲೆ ನಾಲ್ಕೋ ಐದೋ ಅರ್ಧಸ್ವರ ಕೆಳಕ್ಕೆ. ಈ ಅನುಕ್ರಮ ಹಿಂದುಮುಂದಾಗಬಾರದು. ಮೊದಲು ಇಳಿಸಿ ಆಮೇಲೆ ಬಿಟ್ ಕಡಿಮೆ ಮಾಡಿದರೆ ಗರಗರ ಮೇಲೆ ಅಂಟಿಸಿದ ಹಾಗೆ ಕೇಳುತ್ತದೆ, ಡ್ರಮ್ಮಿನೊಳಗಿಂದ ಬಂದ ಹಾಗಲ್ಲ. ಮೇಲೆ ಯಂತ್ರದಿಂದ ಸೇರಿಸುವ ಹೈ-ಹ್ಯಾಟ್‌ಗೆ ಸ್ವಿಂಗ್, ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತಡಮಾಡುವ ಅಳತೆ, ಶೇಕಡಾ 54ರಿಂದ 58ರೊಳಗೆ ಇಡಿ. 50 ಅಂದರೆ ಕಡ್ಡಿ ಇಟ್ಟಂತೆ ನೇರ, 66 ಅಂದರೆ ಪೂರ್ತಿ ತ್ರಿಶ್ರ ನಡೆ.

85ಕ್ಕೇ ನುಡಿಸಿ ಮುದ್ರಿಸಿದ ಡ್ರಮ್ ಬೇರೆ, 110ಕ್ಕೆ ನುಡಿಸಿ 85ರತ್ತ ಇಳಿಸಿದ ಡ್ರಮ್ ಬೇರೆ. ಮೊದಲನೆಯದರಲ್ಲಿ ಒಬ್ಬ ಮನುಷ್ಯ ನಿಧಾನವಾಗಿ ನುಡಿಸುತ್ತಿದ್ದಾನೆ. ಎರಡನೆಯದರಲ್ಲಿ ಅವಸರದ ಕೈಯನ್ನು ಯಾರೋ ಹಿಡಿದು ಎಳೆಯುತ್ತಿದ್ದಾರೆ, ಆ ಸೆಳೆತ ಪ್ರತಿ ಪೆಟ್ಟಿನಲ್ಲೂ ಇದೆ. ಹಳೆಯ ಕೇಳುಗರು ‘ಭಾರ’ ಎನ್ನುವುದು ಇದನ್ನೇ.

ಪಾಲ್ ಹೋದ ನಂತರದ ಮಾರ್ಚೀಬಾ ಈ ಎರಡರಲ್ಲಿ ಮೊದಲನೆಯದರ ಕಡೆ ವಾಲಿತು. ವೇದಿಕೆಯಲ್ಲಿ ಡ್ರಮ್ ನುಡಿಸುವವರು ಸ್ಕೈಯವರ ಮಗ ಜೇಗಾ, ಬೇಸ್ ಹಿಡಿಯುವವರು ಪತಿ ಸ್ಟೀವ್ ಗಾರ್ಡನ್. ಇದು ಲೂಪಿನ ಸುತ್ತ ಕಟ್ಟಿದ ತಂಡವಲ್ಲ, ಕೂಡಿ ನುಡಿಸುವ ಮನೆಮಂದಿ. ಹೊಸ ಆಲ್ಬಮ್ಮಿನ ‘ಕಾಲ್ ಫಾರ್ ಲವ್’ ಹಾಡನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಗಿಟಾರು ಮತ್ತು ದನಿಗೆ ಸಿಕ್ಕಿರುವ ಜಾಗ ಗಮನಕ್ಕೆ ಬರುತ್ತದೆ. ಲಂಡನ್ನಿನ ರ‍್ಯಾಪರ್ ಆಸ್ಕರ್ ವರ್ಲ್ಡ್‌ಪೀಸ್ ದನಿಗೂಡಿಸಿದ ‘ಪೀಸ್ ಆಫ್ ಮೀ’ ಹಳೆಯ ಹಿಪ್-ಹಾಪ್ ಬೇರಿಗೆ ಹತ್ತಿರ, ಏಕೆಂದರೆ ರ‍್ಯಾಪ್ ತಾನೇ ಬೀಟನ್ನು ಬಿಗಿ ಹಿಡಿಯಲು ಒತ್ತಾಯಿಸುತ್ತದೆ. ನಮ್ಮ ತೀರ್ಮಾನ ಇಷ್ಟು. ಹಾಡುಗಾರಿಕೆಯ ದೃಷ್ಟಿಯಿಂದ ಈ ತಿರುವು ನಷ್ಟವಲ್ಲ, ಸ್ಕೈಯವರ ಉಸಿರು ಇಷ್ಟು ಹತ್ತಿರದಿಂದ ಹಿಂದೆ ಕೇಳಿರಲಿಲ್ಲ. ಆದರೆ ಇದನ್ನು ‘ಟ್ರಿಪ್-ಹಾಪ್ ಮರಳಿ ಬಂತು’ ಎಂದು ಮಾರುವುದು ಕೇಳುಗರಿಗೂ ತಂಡಕ್ಕೂ ಅನ್ಯಾಯ. ಅಂದ ಹಾಗೆ, 1994ರಲ್ಲಿ ‘ಮಿಕ್ಸ್‌ಮ್ಯಾಗ್’ ಪತ್ರಿಕೆ ಈ ಹಣೆಪಟ್ಟಿ ಹಚ್ಚಿದಾಗಿನಿಂದ ಅದನ್ನು ಸಂತೋಷದಿಂದ ಒಪ್ಪಿಕೊಂಡ ಕಲಾವಿದರು ಕಡಿಮೆ.

ಉಳಿದ ಜೋಡಿಗಳು ಇದೇ ಸಮಸ್ಯೆಯನ್ನು ಬೇರೆ ಬೇರೆ ರೀತಿ ಬಗೆಹರಿಸಿಕೊಂಡಿವೆ. ಮ್ಯಾಂಚೆಸ್ಟರ್‌ನ ಲ್ಯಾಂಬ್‌ನಲ್ಲಿ ಬೀಟ್ ಕಟ್ಟುವ ಆಂಡಿ ಬಾರ್ಲೊ ಮತ್ತು ಹಾಡುವ ಲೂ ರೋಡ್ಸ್ ಮೊದಲಿಂದಲೂ ಇಬ್ಬರೇ. ಹಾಗಾಗಿ 2019ರ ಅವರ ಆಲ್ಬಮ್ಮಿನಲ್ಲೂ ಬೀಟಿನ ಕೈ ಬದಲಾಗಿಲ್ಲ, 1996ರದರ ಜೊತೆ ಇಟ್ಟು ಕೇಳಿದರೆ ನಂಟು ಗೊತ್ತಾಗುತ್ತದೆ. ಸ್ನೀಕರ್ ಪಿಂಪ್ಸ್ 2002ರ ನಂತರ 2021ರವರೆಗೆ ಆಲ್ಬಮ್ ತರಲಿಲ್ಲ. ಮರಳಿದಾಗ ಉಳಿದವರು ಸದ್ದು ಕಟ್ಟುವ ಇಬ್ಬರು, ಹೆಣ್ಣುದನಿ ಹೊರಗಿನಿಂದ ಬಂತು. ವಿಯೆನ್ನಾದ ಕ್ರೂಡರ್ ಮತ್ತು ಡಾರ್ಫ್‌ಮೈಸ್ಟರ್ ಜೋಡಿಯದು ಎಲ್ಲಕ್ಕಿಂತ ಜಾಣತನದ ದಾರಿ. 2020ರಲ್ಲಿ ಅವರು ತಂದ ‘1995’ ಹೊಸ ಆಲ್ಬಮ್ ಹೌದು, ಆದರೆ ಅದರೊಳಗಿನದು ತೊಂಬತ್ತರ ದಶಕದ ಡ್ಯಾಟ್ (ಡಿಜಿಟಲ್ ಆಡಿಯೊ) ಟೇಪುಗಳಲ್ಲಿ ಉಳಿದಿದ್ದ ಸಂಗೀತ. ಭಾರ ಬೇಕಿದ್ದರೆ ಭಾರವಿದ್ದ ಕಾಲದಿಂದಲೇ ತರುವುದು! ಅಂಥ ಟೇಪು ಯಾರ ಬಳಿಯಾದರೂ ಇದ್ದರೆ ತಡ ಮಾಡದಿರುವುದು ಮೇಲು. ಸೋನಿ ಡ್ಯಾಟ್ ಯಂತ್ರ ಮಾರುವುದನ್ನು 2005ರಲ್ಲೇ ನಿಲ್ಲಿಸಿತು. ಒಂದು ಯಂತ್ರದಲ್ಲಿ ಮುದ್ರಿಸಿದ್ದು ಇನ್ನೊಂದರಲ್ಲಿ ಓದಿಸಿದರೆ ಹೆಡ್ ಹೊಂದಿಕೆ ತಪ್ಪಿ ಸದ್ದು ಅಲ್ಲಲ್ಲಿ ಕಡಿಯುತ್ತದೆ. ಹಿಸ್ ಎನ್ನುವ ಕ್ಯಾಸೆಟ್ಟಿನಂತೆ ಇದು ನಿಧಾನ ಹಾಳಾಗುವ ಪೈಕಿಯಲ್ಲ, ಓದಿಸಿಕೊಂಡ ಕಡೆ ಪೂರ್ತಿ, ಇಲ್ಲದ ಕಡೆ ಏನೂ ಇಲ್ಲ. ಇನ್ನು ಮ್ಯಾಸಿವ್ ಅಟ್ಯಾಕ್. 1999ರಲ್ಲಿ ಮಶ್ರೂಮ್ ಎಂದು ಕರೆಸಿಕೊಳ್ಳುತ್ತಿದ್ದ ಆಂಡ್ರೂ ವೌಲ್ಸ್ ಬಿಟ್ಟ ಮೇಲೆ ಅದೂ ಇಬ್ಬರ ತಂಡವೇ. ಸ್ಯಾಂಪಲ್ ಮೇಲೆ ಹೆಚ್ಚು ಒಲವಿದ್ದವರು ಈ ವೌಲ್ಸ್. 2003ರ ‘100ತ್ ವಿಂಡೊ’ ಸ್ಯಾಂಪಲ್ ಬಿಟ್ಟು ಪೂರ್ತಿ ಕಂಪ್ಯೂಟರಿನ ಕಡೆ ಹೊರಳಿದ್ದನ್ನು ಇದರ ಜೊತೆ ಇಟ್ಟು ನೋಡಬೇಕು.

ಬೀಟ್ ಆಯಿತು. ಆಲ್ಬಮ್ಮನ್ನು ಕೈಗೆ ತಲುಪಿಸುವಲ್ಲೂ ಈ ಪ್ರಕಾರಕ್ಕೆ ತನ್ನದೇ ಪೇಚುಗಳಿವೆ. ಈ ತಂಡಗಳ ಕೇಳುಗರು ವಿನೈಲ್ ಕೊಳ್ಳುವವರು, ವಿನೈಲ್‌ಗೆ ತೀರಾ ಆಗದ ಮೂರು ಸಂಗತಿಗಳು ಟ್ರಿಪ್-ಹಾಪ್‌ನಲ್ಲಿ ಒಟ್ಟಿಗೆ ಇವೆ: ಆಳದ ಬೇಸ್, ಮೈಕಿಗೆ ತಾಗಿ ಹಾಡುವ ಹೆಣ್ಣುದನಿ, ಉದ್ದನೆಯ ಹಾಡು.

ಬೇಸ್ ಎಡಬಲಕ್ಕೆ ಹಂಚಿಹೋಗಿದ್ದರೆ ಗೀರು ಮೇಲೆಕೆಳಗೆ ಆಡಿ ಮುಳ್ಳು ಹಾರುತ್ತದೆ. ಅದಕ್ಕೇ 150 ಹರ್ಟ್ಜ್‌ಗಿಂತ ಕೆಳಗಿನದನ್ನು ಮೋನೊ ಮಾಡಿ ಕೊಡಬೇಕು. ಕೊಡದಿದ್ದರೆ ಕೊರೆಯುವ ಎಂಜಿನಿಯರ್ ತಾನೇ ಮಾಡುತ್ತಾನೆ, ಆಗ ನಿಮ್ಮ ಮಿಕ್ಸ್ ಎಲ್ಲಿ ಕುಗ್ಗಿತು ಎಂಬುದು ನಿಮಗೆ ಗೊತ್ತಾಗುವುದು ತಟ್ಟೆ ಬಂದ ಮೇಲೆ. ‘ಸ’, ‘ಶ’ ಉಚ್ಚಾರದ ಚೂಪು 6ರಿಂದ 9 ಕಿಲೊಹರ್ಟ್ಜ್‌ನಲ್ಲಿರುತ್ತದೆ. ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರ್ ಗೀರು ಸರಿಯುತ್ತದೆ, ಒಳಗೆ ಲೇಬಲ್ ಹತ್ತಿರ 21 ಮಾತ್ರ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಾಗ ಪಿಸುಮಾತಿನ ಹಾಡೊಂದರ ‘ಸ’ಕಾರಗಳೆಲ್ಲ ಉಗುಳಿದಂತೆ ಕೇಳುತ್ತವೆ. ಆದ್ದರಿಂದ ದನಿ ತೆಳ್ಳಗಿರುವ, ವಾದ್ಯ ಕಡಿಮೆ ಇರುವ ಹಾಡನ್ನು ಸೈಡಿನ ಕೊನೆಗೆ ಹಾಕಿ, ತಾಳ ಜೋರಿರುವುದನ್ನು ಮೊದಲಿಗೆ ಹಾಕಿ ಎಂಬ ಸಲಹೆಯನ್ನು ಅರ್ಧ ಮಾತ್ರ ಒಪ್ಪಬೇಕು. ವಾದ್ಯ ಕಡಿಮೆ ಇರುವ ಹಾಡಿನಲ್ಲೇ ‘ಸ’ ಹೆಚ್ಚು ಬಯಲಾಗುತ್ತದೆ. ಕೊನೆಗೆ ಹೋಗಬೇಕಾದದ್ದು ದನಿಯಿಲ್ಲದ ಅಥವಾ ಮಂಕು ದನಿಯ ಹಾಡು. ಉದ್ದದ ಮಾತಿಗೆ ಬಂದರೆ ಒಂದು ಸೈಡಿಗೆ 18ರಿಂದ 22 ನಿಮಿಷ ಹಿತ. 26 ಮುಟ್ಟಿದರೆ ಸದ್ದಿನ ಮಟ್ಟ ಇಳಿಸಲೇಬೇಕು, ಬೇಸ್ ಮೊದಲು ಬಲಿಯಾಗುತ್ತದೆ. ನಾಲ್ಕು ಸೈಡಿನ ಎರಡು ತಟ್ಟೆ ಮಾಡಿದರೆ ಖರ್ಚು ಹೆಚ್ಚುಕಡಿಮೆ ದುಪ್ಪಟ್ಟು.

ಕಾರ್ಖಾನೆಯಿಂದ ಮಾದರಿಗೆಂದು ಪರೀಕ್ಷಾ ತಟ್ಟೆ ಬಂದಾಗ ಸುಮ್ಮನೆ ಹಾಡು ಕೇಳಿ ‘ಚೆನ್ನಾಗಿದೆ’ ಎಂದು ಸಹಿ ಹಾಕುವವರೇ ಹೆಚ್ಚು. 33ರ ವೇಗದಲ್ಲಿ ತಟ್ಟೆ ಒಂದು ಸುತ್ತು ಬರಲು 1.8 ಸೆಕೆಂಡ್. ‘ಟಿಕ್’ ಸದ್ದು ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬಂದರೆ ಅದು ಗೀರುಗಳನ್ನು ಅಡ್ಡ ಹಾಯ್ದ ಗಾಯ. ಅದೇ ಜಾಗದಲ್ಲಿ ಎರಡನೇ, ಮೂರನೇ ಪ್ರತಿಯಲ್ಲೂ ಬಂದರೆ ಅಚ್ಚಿನದೇ ದೋಷ, ಮತ್ತೆ ಮಾಡಿಸಬೇಕು. ಒಂದರಲ್ಲಿ ಮಾತ್ರವಾದರೆ ಆ ಪ್ರತಿಯ ದೋಷ. ನಡುವಿನ ತೂತು ಒಂಚೂರು ಸರಿದಿದ್ದರೆ ಶ್ರುತಿ ತೂಗಾಡುತ್ತದೆ, ಮತ್ತು ಎಳೆದು ನಿಲ್ಲಿಸುವ ಸ್ಟ್ರಿಂಗ್ಸ್, ಎಲೆಕ್ಟ್ರಿಕ್ ಪಿಯಾನೊ ತುಂಬಿದ ಈ ಸಂಗೀತದಲ್ಲಿ ಅದು ರಾಕ್ ಸಂಗೀತಕ್ಕಿಂತ ಮೊದಲೇ ಸಿಕ್ಕಿಬೀಳುತ್ತದೆ. ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಸುಟ್ಟುಹೋದಾಗಿನಿಂದ ಕೊರೆಯಲು ಬೇಕಾದ ಲ್ಯಾಕರ್ ತಟ್ಟೆಗೆ ಜಪಾನಿನ ಒಂದು ಕಂಪನಿಯೇ ಮುಖ್ಯ ಆಧಾರ. ಕಾಯುವ ಸಮಯವನ್ನು ಎರಡು ಮೂರು ತಿಂಗಳೆಂದು ಎಣಿಸಿ, ಅದರ ಮೇಲೆ ಇನ್ನೊಂದು ತಿಂಗಳು ಕೈಯಲ್ಲಿಟ್ಟುಕೊಂಡೇ ಬಿಡುಗಡೆಯ ಶುಕ್ರವಾರವನ್ನು ಘೋಷಿಸಬೇಕು.

ಸ್ಟ್ರೀಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನ್ನಿಸುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುವುದರಿಂದ ಜೋರು ಮಾಡಿ ಕಳಿಸಿ ಪ್ರಯೋಜನವಿಲ್ಲ. ಟ್ರಿಪ್-ಹಾಪ್‌ಗೆ ಇದು ಅನುಕೂಲವೇ, ಸದ್ದಿನ ಏರಿಳಿತ ಉಳಿಯುತ್ತದೆ. ತೊಡಕಿರುವುದು 30 ಸೆಕೆಂಡಿನ ನಿಯಮದಲ್ಲಿ. ಅಷ್ಟು ಹೊತ್ತು ಕೇಳಿದರೆ ಮಾತ್ರ ಒಂದು ಎಣಿಕೆ. ಮುಕ್ಕಾಲು ನಿಮಿಷ ಗುಂಯ್‌ಗುಟ್ಟಿ ಶುರುವಾಗುವ ಹಾಡಿಗೆ ಅದು ಹೊಡೆತ, ಹಾಗಾಗಿಯೇ ಈಗ ದನಿ ಬೇಗ ಬರುತ್ತದೆ. ವರ್ಷಕ್ಕೆ 1,000 ಸಲಕ್ಕಿಂತ ಕಡಿಮೆ ಕೇಳಿಸಿಕೊಂಡ ಹಾಡಿಗೆ 2024ರಿಂದ ಸ್ಪಾಟಿಫೈ ಹಣವನ್ನೇ ಕೊಡುವುದಿಲ್ಲ. ಮ್ಯಾಸಿವ್ ಅಟ್ಯಾಕ್ 2025ರ ಸೆಪ್ಟೆಂಬರಿನಲ್ಲಿ ತಮ್ಮ ಹಾಡುಗಳನ್ನು ಅಲ್ಲಿಂದ ತೆಗೆಯಲು ಕೇಳಿಕೊಂಡದ್ದು ದುಡ್ಡಿಗಾಗಿಯಲ್ಲ, ಸ್ಪಾಟಿಫೈ ಸ್ಥಾಪಕ ಡೇನಿಯಲ್ ಎಕ್ ಯುದ್ಧತಂತ್ರಜ್ಞಾನದ ಹೆಲ್ಸಿಂಗ್ ಕಂಪನಿಯಲ್ಲಿ ಹೂಡಿದ ಹಣವನ್ನು ವಿರೋಧಿಸಿ. ಅಂಥ ನಿಲುವು ತಳೆಯಲು ಮೂವತ್ತು ವರ್ಷದ ಹೆಸರು ಬೆನ್ನಿಗಿರಬೇಕು. ಹೊಸ ಜೋಡಿಗೆ ಆ ಸ್ವಾತಂತ್ರ್ಯವಿಲ್ಲ. ಉಳಿದಂತೆ ಗಳಿಕೆ ಬರುವುದು ವೇದಿಕೆಯಿಂದ. ಬ್ರೆಕ್ಸಿಟ್ ನಂತರ ಬ್ರಿಟನ್ನಿನ ಕಲಾವಿದರು ಯುರೋಪಿನ ಷೆಂಗೆನ್ ವಲಯದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು, ವಾದ್ಯಗಳಿಗೆ ಸುಂಕದ ಕಾಗದ ಬೇರೆ. ಪೋಸ್ಟರಿನಲ್ಲಿ ಇಬ್ಬರೇ ಇದ್ದರೂ ಬಸ್ಸಿನಲ್ಲಿ ಐದಾರು ಮಂದಿ. ಮನೆಯವರೇ ವಾದ್ಯ ಹಿಡಿದರೆ ಸಂಬಳದ ಲೆಕ್ಕ ಹಗುರಾಗುತ್ತದೆ ಎಂಬುದನ್ನೂ ಮರೆಯಬಾರದು.

ಬೆಂಗಳೂರಿನಲ್ಲಿ ಬೀಟ್ ಕಟ್ಟುವವರಿಗೆ ಇಲ್ಲೊಂದು ನೇರ ಉಪಯೋಗವಿದೆ. ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಢೋಲಕ್, ಬಾಂಗೊ ಮಾತ್ರ ಕೇಳುವ ಎರಡು ಆವರ್ತಗಳು ಬೇಕಾದಷ್ಟಿವೆ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. 1965ರಲ್ಲಿ ಪ್ರಕಟವಾದ ಮುದ್ರಣದ ಅವಧಿ 2025ರ ಕೊನೆಗೆ ಮುಗಿಯುತ್ತದೆ. ಆದರೆ ಅದು ಎರಡು ಬಾಗಿಲಲ್ಲಿ ಒಂದು. ಸ್ವರ ಮತ್ತು ಸಾಹಿತ್ಯದ ಹಕ್ಕು ರಚಿಸಿದವರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಜಿ.ಕೆ. ವೆಂಕಟೇಶ್ ತೀರಿಕೊಂಡದ್ದು 1993ರಲ್ಲಿ, ಅವರ ರಚನೆಗಳು 2053ರ ಕೊನೆಯವರೆಗೆ ಕಾನೂನಿನ ರಕ್ಷಣೆಯಲ್ಲಿರುತ್ತವೆ. ಬ್ರಿಟನ್ನಿನಲ್ಲಿ ಧ್ವನಿಮುದ್ರಣದ ಅವಧಿ 70 ವರ್ಷ, ಆದ್ದರಿಂದ ಇಲ್ಲಿ ಮುಕ್ತವಾದದ್ದು ಅಲ್ಲಿ ಬಿಡುಗಡೆಯಾಗುವಾಗ ಮುಕ್ತ ಎಂದು ಹಿಡಿಯುವ ಹಾಗಿಲ್ಲ, ಸ್ಟ್ರೀಮಿಂಗ್ ಎಂದರೆ ಎಲ್ಲ ದೇಶಗಳಲ್ಲೂ ಒಟ್ಟಿಗೇ ಬಿಡುಗಡೆ. ಬರೀ ತಾಳದ ತುಣುಕಾದರೆ ರಚನೆಯ ಹಕ್ಕಿನ ವಾದ ದುರ್ಬಲವಾಗುತ್ತದೆ, ಇಲ್ಲವೇ ಇಲ್ಲ ಎಂದಲ್ಲ. ಕಂಠದ ಒಂದು ಎಳೆ ಸೇರಿದರೂ ಮತ್ತೆ ಪೂರ್ತಿ ಬಲ ಬರುತ್ತದೆ.

ಇಷ್ಟೆಲ್ಲ ರಗಳೆ ಬೇಡವೆಂದರೆ ಢೋಲಕ್ ನುಡಿಸುವವರನ್ನು ಎರಡು ಗಂಟೆಗೆ ಸ್ಟುಡಿಯೊಗೆ ಕರೆಸಿ. ಎಡಬದಿಯ ಹದವನ್ನು ಎರಡು ಅರ್ಧಸ್ವರ ಏರಿಸಿ ಕಟ್ಟಲು ಹೇಳಿ. ಐದು ಇಳಿಸಿದ ಮೇಲೆ ಅದು 45 ಹರ್ಟ್ಜ್‌ಗಿಂತ ಕೆಳಗೆ ಹೋದರೆ ಫೋನಿನಲ್ಲಿ, ಸಣ್ಣ ಸ್ಪೀಕರಿನಲ್ಲಿ ಏನೂ ಕೇಳುವುದಿಲ್ಲ. 110ಕ್ಕೆ ಕೇಹರ್ವಾ ತಾಳ ನುಡಿಸಲಿ. ಹೊರಡುವ ಮುನ್ನ, ಈ ಮುದ್ರಣವನ್ನು ಕತ್ತರಿಸಿ, ಇಳಿಸಿ, ಬೇರೆ ಹಾಡುಗಳಲ್ಲಿ ಬಳಸಲು ಒಪ್ಪಿದ್ದೇನೆ ಎಂದು ಒಂದು ಹಾಳೆಯಲ್ಲಿ ಸಹಿ ಪಡೆದು, ಕೊಟ್ಟ ಹಣವನ್ನು ಅದೇ ಹಾಳೆಯಲ್ಲಿ ನಮೂದಿಸಿ.